ವಿಂಬಲ್ಡನ್ ಹುಟ್ಟಿದ್ದು 1889ರಲ್ಲೋ, 2002ರಲ್ಲೋ?

ವಿಂಬಲ್ಡನ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಟೆನಿಸ್. ಅಲ್ಲೊಂದು ಫುಟ್‌ಬಾಲ್ ಕ್ಲಬ್ಬೂ ಇದೆ, ನಾನು ಅದರ ಕಡೆಯವನು ಎಂದರೆ ಮೊದಲು ನಗು, ಆಮೇಲೆ ಮೊಬೈಲಿನಲ್ಲಿ ಹುಡುಕಾಟ, ಕೊನೆಗೆ ತಪ್ಪದೆ ಈ ಪ್ರಶ್ನೆ: "ಸ್ಥಾಪನೆ 2002 ಎಂದಿದೆಯಲ್ಲ, ಇಂಗ್ಲೆಂಡಿನ 1988ರ ಎಫ್.ಎ. ಕಪ್ ನಿಮ್ಮದು ಹೇಗಾಗುತ್ತದೆ?"

ನದೀಮೂಲ, ಋಷಿಮೂಲ ಕೆದಕಬಾರದು ಎನ್ನುತ್ತಾರೆ. ಈ ಕ್ಲಬ್ಬಿನ ಮೂಲವನ್ನು ಮಾತ್ರ ಕೆದಕಲೇಬೇಕು.

1889ರಲ್ಲಿ ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್ ಎಂಬ ಹೆಸರಿನಲ್ಲಿ ಶುರುವಾದ ತಂಡ ಇದು. 1912ರಿಂದ ಪ್ಲೌ ಲೇನ್ ಮೈದಾನ ಅದರ ಮನೆ. ಇಂಗ್ಲೆಂಡಿನ ವೃತ್ತಿಪರ ತಂಡಗಳ ಫುಟ್‌ಬಾಲ್ ಲೀಗ್‌ಗೆ ಪ್ರವೇಶ ಸಿಕ್ಕಿದ್ದು 1977ರಲ್ಲಿ. ಅಲ್ಲಿಂದ ಒಂಬತ್ತೇ ವರ್ಷಗಳಲ್ಲಿ ಅತ್ಯುನ್ನತ ದರ್ಜೆ. 1988ರ ಮೇ 14ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ಎಫ್.ಎ. ಕಪ್ ಫೈನಲ್‌ನಲ್ಲಿ ಎದುರಾಳಿಯಾಗಿದ್ದದ್ದು ಆ ವರ್ಷದ ಲೀಗ್ ಚಾಂಪಿಯನ್ ಲಿವರ್‌ಪೂಲ್. ಡೆನ್ನಿಸ್ ವೈಸ್ ಒದ್ದ ಫ್ರೀ ಕಿಕ್‌ಗೆ ಲಾರಿ ಸಾಂಚೆಜ್ ತಲೆ ಕೊಟ್ಟರು, ಗೋಲು. ದ್ವಿತೀಯಾರ್ಧದಲ್ಲಿ ಜಾನ್ ಆಲ್ಡ್ರಿಜ್ ಒದ್ದ ಪೆನಾಲ್ಟಿಯನ್ನು ಡೇವ್ ಬೀಸೆಂಟ್ ಎಡಕ್ಕೆ ಹಾರಿ ತಡೆದರು. ವೆಂಬ್ಲಿಯ ಕಪ್ ಫೈನಲ್‌ನಲ್ಲಿ ಪೆನಾಲ್ಟಿಯೊಂದನ್ನು ಗೋಲ್‌ಕೀಪರ್ ತಡೆದದ್ದು ಅದೇ ಮೊದಲು. 1–0. ಆಟದಲ್ಲಿ ಸೊಗಸಿತ್ತೇ ಎಂದು ಕೇಳಬೇಡಿ, ಇರಲಿಲ್ಲ.

ಆಮೇಲಿನದು ಇಳಿಜಾರು. 1991ರಲ್ಲಿ ಪ್ಲೌ ಲೇನ್ ಬಿಟ್ಟು ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನವರ ಸೆಲ್‌ಹರ್ಸ್ಟ್ ಪಾರ್ಕ್ ಮೈದಾನದಲ್ಲಿ ಬಾಡಿಗೆಗೆ ಕೂತರು. ಹಳೆಯ ಮೈದಾನ ಸೂಪರ್ ಮಾರ್ಕೆಟ್ ಕಂಪನಿಯೊಂದರ ಪಾಲಾಯಿತು. 2000ದಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು, ಅದೂ ಕಪ್ ಗೆದ್ದ ಅದೇ ಮೇ 14ರಂದು. ಮಾಲೀಕರ ಕಣ್ಣು ಬಿದ್ದದ್ದು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಮೇಲೆ. 2002ರ ಮೇ 28ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್.ಎ.) ನೇಮಿಸಿದ ಮೂವರು ಸದಸ್ಯರ ಆಯೋಗ ಈ ಸ್ಥಳಾಂತರಕ್ಕೆ ಅಸ್ತು ಎಂದಿತು. ಅಭಿಮಾನಿಗಳು ಹೊಸ ತಂಡ ಕಟ್ಟಿಕೊಳ್ಳುವುದು ಫುಟ್‌ಬಾಲ್‌ನ ವಿಶಾಲ ಹಿತಾಸಕ್ತಿಗೆ ಒಳ್ಳೆಯದಲ್ಲ ಎಂಬ ಮಾತೂ ಅದೇ ವರದಿಯಲ್ಲಿತ್ತು. ಈ ಸಾಲು ಓದಿದಾಗಲೆಲ್ಲ ನನಗೆ ಮೈಯುರಿಯುತ್ತದೆ.

ಅಭಿಮಾನಿಗಳು ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ತಂಡವನ್ನು ಕಟ್ಟಿಯೇ ಕಟ್ಟಿದರು. ಜೂನ್ ಕೊನೆಯಲ್ಲಿ ವಿಂಬಲ್ಡನ್ ಕಾಮನ್‌ನ ಬಯಲಿನಲ್ಲಿ ಆಟಗಾರರ ಆಯ್ಕೆಗೆ ಬಹಿರಂಗ ಕರೆ ಕೊಟ್ಟರು. ಸುಮಾರು 230 ಜನ ಬಂದರು. ಜುಲೈ 10ರಂದು ಸಟನ್ ಯುನೈಟೆಡ್ ವಿರುದ್ಧ ಮೊದಲ ಸೌಹಾರ್ದ ಪಂದ್ಯ. 4–0 ಸೋಲು. ಆ ಸೋಲು ನೋಡಲು ಸೇರಿದ್ದವರು 4,657 ಜನ! ಅದೇ ಅಕ್ಟೋಬರ್‌ನಲ್ಲಿ, ಇನ್ನೂ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲೇ ಆಡುತ್ತಿದ್ದ ಹಳೆಯ ಕ್ಲಬ್ಬಿನ ಒಂದು ಲೀಗ್ ಪಂದ್ಯಕ್ಕೆ ಬಂದವರು 849. ನನ್ನ ಉತ್ತರ ಈ ಎರಡು ಸಂಖ್ಯೆಗಳ ನಡುವೆಯೇ ಇದೆ. ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ ಕ್ಲಬ್ ಮಿಲ್ಟನ್ ಕೀನ್ಸ್‌ಗೆ ಹೋಯಿತು. ಮನೆಯವರು ಎಲ್ಲಿ ಉಳಿದರು ಎಂದು ನೋಡಿದರೆ ಅದು ಎಲ್ಲಿಗೂ ಹೋಗಲಿಲ್ಲ.

ಮಿಲ್ಟನ್ ಕೀನ್ಸ್‌ಗೆ ಹೋದ ಕ್ಲಬ್ಬು ಎಂ.ಕೆ. ಡಾನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆ ತಂಡವನ್ನು ಬೆಂಬಲಿಸುವ ಅಲ್ಲಿನ ಮಕ್ಕಳ ಮೇಲೆ ನನಗೆ ಸಿಟ್ಟೇನೂ ಇಲ್ಲ. ಕಾಗದದ ವಾರಸುದಾರರೂ ಕೊನೆಗೆ ಹಳೆಯ ಇತಿಹಾಸದ ಮೇಲಿನ ಹಕ್ಕು ಬಿಟ್ಟುಕೊಟ್ಟರು. 1988ರ ಕಪ್ಪಿನ ಪ್ರತಿಕೃತಿಯೂ ಸೇರಿದಂತೆ ಟ್ರೋಫಿಗಳು 2007ರಲ್ಲಿ, ವಿಂಬಲ್ಡನ್ ಇರುವ ಮರ್ಟನ್ ಆಡಳಿತದ ಕೈಗೆ ಮರಳಿದವು.

ಅಭಿಮಾನಿಗಳದೇ ಒಡೆತನದ ಎ.ಎಫ್.ಸಿ. ವಿಂಬಲ್ಡನ್ ಒಂಬತ್ತು ಋತುಗಳಲ್ಲಿ ಐದು ಬಡ್ತಿ ಪಡೆಯಿತು. 2011ರಲ್ಲಿ ಲೂಟನ್ ವಿರುದ್ಧದ ಪೆನಾಲ್ಟಿ ಶೂಟೌಟ್‌ನಲ್ಲಿ ಎರಡು ಹೊಡೆತ ತಡೆದು ತಂಡವನ್ನು ಫುಟ್‌ಬಾಲ್ ಲೀಗ್‌ಗೆ ಮರಳಿಸಿದ ಗೋಲ್‌ಕೀಪರ್ ಸೆಬ್ ಬ್ರೌನ್ ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿ.

ಇನ್ನು ಮನೆ. ಹಳೆಯ ಮೈದಾನದಿಂದ ಕೂಗಳತೆಯ ದೂರದಲ್ಲಿ, ಗ್ರೇಹೌಂಡ್ ನಾಯಿಗಳ ಓಟ ನಡೆಯುತ್ತಿದ್ದ ಜಾಗದಲ್ಲಿ, ಹೊಸ ಪ್ಲೌ ಲೇನ್ ಎದ್ದಿತು. ಹಣ ಸಾಲದೆ ಬಂದಾಗ ಅಭಿಮಾನಿಗಳು ಬಾಂಡ್‌ಗಳ ಮೂಲಕ 50 ಲಕ್ಷ ಪೌಂಡ್‌ಗೂ ಹೆಚ್ಚು ಹೊಂದಿಸಿದರು. 2020ರ ನವೆಂಬರ್ 3ರಂದು ಡಾನ್‌ಕಾಸ್ಟರ್ ವಿರುದ್ಧ ಮೊದಲ ಪಂದ್ಯ, 2–2. ಕೋವಿಡ್ ಕಾಲ. ಇಪ್ಪತ್ತೊಂಬತ್ತು ವರ್ಷ ಕಾದವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಪರದೆಯ ಮುಂದೆ ಕೂತಿದ್ದರು. ಜೋ ಪಿಗಟ್ ಮೊದಲ ಗೋಲು ಹೊಡೆದಾಗ ಮೈದಾನದಲ್ಲಿ ಕೇಳಿಸಿದ್ದು ಆಟಗಾರರ ಕೂಗು ಮಾತ್ರ.