ಜವಾಬ್ದಾರಿ ಇತ್ತು ಸರಿ, ನೀನು ಮಾಡಿದ್ದೇನು?

ಚಿಕ್ಕಮ್ಮನ ಮಗಳು ಮೊನ್ನೆ ತನ್ನ ರೆಸ್ಯೂಮೆ ಕಳಿಸಿದಳು. "ಅಕ್ಕಾ, ಸ್ವಲ್ಪ ನೋಡು, ಎಷ್ಟು ಕಡೆ ಹಾಕಿದ್ರೂ ಕರೀತಾನೇ ಇಲ್ಲ" ಅಂದಳು. ಓದಿದೆ. ಎರಡು ಪುಟದಲ್ಲಿ 7 ಸಾಲು ‘ರೆಸ್ಪಾನ್ಸಿಬಲ್ ಫಾರ್’ ಅಂತಲೇ ಶುರುವಾಗಿದ್ದವು. ಸ್ಟಾಕ್ ಜವಾಬ್ದಾರಿ, ಬಿಲ್ಲಿಂಗ್ ಜವಾಬ್ದಾರಿ, ಹೊಸಬರಿಗೆ ಕಲಿಸುವ ಜವಾಬ್ದಾರಿ. ಜವಾಬ್ದಾರಿ ಕೊಟ್ಟಿದ್ದು ಕಂಪನಿ, ಅಲ್ವಾ? ಅದರಲ್ಲಿ ಇವಳು ಮಾಡಿದ್ದೇನು ಅನ್ನುವುದು ಎಲ್ಲೂ ಇಲ್ಲ.

ಫೋನ್ ಮಾಡಿ ಅದನ್ನೇ ಕೇಳಿದೆ. ತಿಂಗಳ ಕೊನೆಗೆ ಲೆಕ್ಕ ತಾಳೆ ಆಗುತ್ತಲೇ ಇರಲಿಲ್ಲವಂತೆ, ವಾಪಸ್ ಬಂದ ಮಾಲನ್ನು ಒಬ್ಬೊಬ್ಬರು ಒಂದೊಂದು ಕಡೆ ಬರೆದಿಡುತ್ತಿದ್ದರಂತೆ, ಇವಳು ಅದೆಲ್ಲ ಒಂದೇ ಶೀಟಿಗೆ ಬರುವ ಹಾಗೆ ಮಾಡಿದ ಮೇಲೆ 3 ದಿನ ಹಿಡಿಯುತ್ತಿದ್ದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿದೆಯಂತೆ. ಇಷ್ಟು ಒಳ್ಳೆಯ ಕೆಲಸ ಮಾಡಿ ಅದನ್ನು ಮುಚ್ಚಿಟ್ಟಿದ್ದಾಳಲ್ಲ ಅಂತ ಬೇಜಾರಾಯಿತು. ‘ತಿಂಗಳ ಸ್ಟಾಕ್ ಲೆಕ್ಕವನ್ನು 3 ದಿನದಿಂದ 1 ದಿನಕ್ಕೆ ಇಳಿಸಿದೆ’ ಅಂತ ತಿದ್ದಿದೆವು. ಇಂಗ್ಲಿಷಿನಲ್ಲಾದರೆ ಸಾಲಿನ ಮೊದಲ ಪದವೇ ‘ರೆಡ್ಯೂಸ್ಡ್’. ‘ಐ’ ಬೇಕಾಗಿಲ್ಲ. ಹೊಸಬರ ಸಾಲಿಗೆ ‘ಟ್ರೇನ್ಡ್’, ಜೊತೆಗೆ ಎಷ್ಟು ಜನ ಅನ್ನುವುದು.

ಅವಳಿಗೆ ಹುರುಪು ಬಂತು. ಮರುದಿನ ನೋಡಿದರೆ ‘ಸ್ಪಿಯರ್‌ಹೆಡೆಡ್’, ‘ಆರ್ಕೆಸ್ಟ್ರೇಟೆಡ್’ ಅಂತೆಲ್ಲ ದೊಡ್ಡ ದೊಡ್ಡ ಪದ ಸೇರಿಸಿದ್ದಳು. ಎಲ್ಲ ತೆಗೆಸಿದೆ. ಇಂಟರ್‌ವ್ಯೂನಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು "ಇದು ಹೇಗೆ ಮಾಡಿದ್ರಿ?" ಅಂತ ಕೇಳಿದಾಗ ತಡವರಿಸದೆ ಹೇಳೋಕಾಗುವ ಪದ ಮಾತ್ರ ಇರಲಿ. ‘ಲೆಡ್’, ಅಂದರೆ ಮುನ್ನಡೆಸಿದೆ, ಅಂತ ಬರೆದರೆ ಎಷ್ಟು ಜನರ ಟೀಮ್ ಅಂತ ಕೇಳೇ ಕೇಳುತ್ತಾರೆ. ಆಡಿಟ್‌ನಲ್ಲಿ ಕೈ ಜೋಡಿಸಿದ್ದಷ್ಟೇ ಆದರೆ ‘ಅಸಿಸ್ಟೆಡ್’ ಅಂತಲೇ ಬರೆಯಲಿ, ಆದರೆ ಯಾವ ದಾಖಲೆ ಒದಗಿಸಿದ್ದು, ಯಾವ ಲೆಕ್ಕ ಪರಿಶೀಲಿಸಿದ್ದು ಅಂತ ಬಿಡಿಸಿ ಬರೆಯಬೇಕು.

‘ಹಾರ್ಡ್‌ವರ್ಕಿಂಗ್’, ‘ಟೀಮ್ ಪ್ಲೇಯರ್’ ಕೂಡ ಹೋದವು.

ಇನ್ನೊಂದು ವಿಷಯ. ಇವಳು ಎಲ್ಲ ಕಡೆ ‘ಸ್ಟಾಕ್’ ಅಂತ ಬರೆದಿದ್ದಳು, ಕೆಲಸದ ಜಾಹೀರಾತಿನಲ್ಲಿ ಅದಕ್ಕೇ ‘ಇನ್ವೆಂಟರಿ’ ಅಂತಿತ್ತು. ಎಷ್ಟೋ ಕಂಪನಿಗಳಲ್ಲಿ ಬಂದ ರೆಸ್ಯೂಮೆಗಳನ್ನು ಸಾಫ್ಟ್‌ವೇರ್‌ನಲ್ಲಿ ಹಾಕಿ, ಬೇಕಾದ ಪದ ಇದೆಯಾ ಅಂತ ಹುಡುಕುತ್ತಾರೆ. ಹಾಗಾಗಿ ಅವರ ಪದವನ್ನೇ ಹಾಕಿದೆವು. ಗೊತ್ತಿಲ್ಲದ ಕೆಲಸದ ಹೆಸರನ್ನು ಮಾತ್ರ ಹಾಕಬಾರದು.

ಎಲ್ಲ ಮುಗಿಯಿತು ಅನ್ನುವಾಗ ಮೆಲ್ಲಗೆ ಹೇಳಿದಳು. ಸೀನಿಯರ್ ಕೆಲಸ ಬಿಟ್ಟ ಮೇಲೆ 4 ತಿಂಗಳು ಆ ವಿಭಾಗವನ್ನು ಇವಳೊಬ್ಬಳೇ ನಡೆಸಿದ್ದಾಳೆ. "ಅದನ್ನೂ ಬರೀಬಹುದಾ ಅಕ್ಕಾ?"

ಮೊದಲನೇ ಸಾಲಿಗೇ ಹಾಕಿಸಿದೆ.