ತನ್ನ ಪರಾಗವನ್ನು ಒಲ್ಲದ ಕಳ್ಳಿ

ನನ್ನ ಎಕಿನಾಪ್ಸಿಸ್ ಕಳ್ಳಿ ಪ್ರತಿವರ್ಷವೂ ಹೂ ಬಿಡುತ್ತಿತ್ತು, ಕಾಯಿ ಮಾತ್ರ ಕಟ್ಟುತ್ತಿರಲಿಲ್ಲ. ಗೇಣುದ್ದದ ಕೊಳವೆಯ ತುದಿಯಲ್ಲಿ ಸಂಜೆ ಅರಳುವ ಬಿಳಿ ಹೂ ಮರುದಿನ ಬಿಸಿಲೇರಿದ ಮೇಲೆ ಜೋತುಬೀಳುತ್ತಿತ್ತು. ಆಮೇಲೆ ಕೊಳವೆಯ ಸಮೇತ ಒಣಗಿ ಕಳಚಿಕೊಳ್ಳುತ್ತಿತ್ತು. ಪಕ್ಕದ ಮ್ಯಾಮಿಲೇರಿಯಾ ಪ್ರೊಲಿಫೆರಾ ಎಂಬ ಕಳ್ಳಿಯ ಸ್ವಭಾವವೇ ಬೇರೆ. ಯಾರ ಹಂಗೂ ಇಲ್ಲದೆ ತನ್ನದೇ ಪರಾಗದಿಂದ ಬೀಜ ಕಟ್ಟಿ, ಮುಳ್ಳುಗಳ ನಡುವಿನಿಂದ ಕೆಂಪು ಕಾಯಿಗಳನ್ನು ಹೊರದೂಡುತ್ತದೆ.

ಎಕಿನಾಪ್ಸಿಸ್‌ನ ಬುಡದಿಂದ ಬಿಡಿಸಿ ನೆಟ್ಟ ಮರಿಗಳೂ ಜೊತೆಯಲ್ಲೇ ಹೂ ಬಿಡುತ್ತಿದ್ದವು. ನೋಡುವ ಕಣ್ಣಿಗೆ ಅವು ಹಲವು ಗಿಡಗಳು, ವಂಶವಾಹಿಗಳ ಲೆಕ್ಕದಲ್ಲಿ ಒಂದೇ. ಅನೇಕ ಕಳ್ಳಿಗಳಲ್ಲಿ ಹೂವು ತನ್ನ ಪರಾಗವನ್ನು ಗುರುತಿಸಿ ತಿರಸ್ಕರಿಸುತ್ತದೆ. ಪರಾಗ ಮೊಳೆತು ನಳಿಕೆ ಇಳಿಯತೊಡಗಿದರೂ, ಮುಂದೆ ಬೀಜವಾಗುವ ಅಂಡಕವನ್ನು ಮುಟ್ಟುವ ಮೊದಲೇ ಅದರ ಬೆಳವಣಿಗೆ ನಿಂತುಬಿಡುತ್ತದೆ. ತಾಯಿಯದಾಗಲಿ ಮರಿಯದಾಗಲಿ, ಪರಾಗ ಅದೇ ಆದ್ದರಿಂದ ಎಷ್ಟು ಹೂ ಒಟ್ಟಿಗೆ ಅರಳಿದರೂ ಫಲವಿಲ್ಲ.

ಹಾಗಾಗಿ ಬೇರೊಬ್ಬ ಬೆಳೆಗಾರರಿಂದ ತಂದ, ಬೀಜದಿಂದ ಹುಟ್ಟಿದ ಅದೇ ಜಾತಿಯ ಇನ್ನೊಂದು ಗಿಡದಲ್ಲಿ ಮೊಗ್ಗು ಕಂಡಾಗಿನಿಂದ ನನಗೆ ಒಂದೇ ಧ್ಯಾನ: ಎರಡೂ ಒಂದೇ ಸಂಜೆ ಅರಳಬೇಕು. ಅರಳಿದವು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕುಂಡಗಳ ಮುಂದೆ ಕುಳಿತೆ.

ಹತ್ತಿರದಿಂದ ನೋಡಿದರೆ ಈ ಹೂವಿನಲ್ಲಿ ಪರಾಗ ಹೊತ್ತ ಕೇಸರಗಳು ಎರಡು ಗುಂಪಾಗಿವೆ. ಒಂದು ಗುಂಪು ಕೊಳವೆಯ ಬಾಯಿಯ ಸುತ್ತ ಬಳೆಯಂತೆ ನಿಂತಿದೆ, ಇನ್ನೊಂದು ಒಳಗೆ ಆಳದಲ್ಲಿದೆ. ಅವುಗಳ ನಡುವಿನಿಂದ, ಪರಾಗವನ್ನು ಹಿಡಿಯುವ ಹೆಣ್ಣುಭಾಗದ ತುದಿಯಾದ ಶಲಾಕಾಗ್ರ ತನ್ನ ಎಳೆಗಳನ್ನು ಬೆರಳುಗಳಂತೆ ಬಿಡಿಸಿಕೊಂಡಿತ್ತು. ಮೃದುವಾದ ಚಿತ್ರಕುಂಚವನ್ನು ಕೇಸರಗಳ ಮೇಲೆ ಆಡಿಸಿದರೆ ತುದಿಗೆ ಹಳದಿ ಪುಡಿ ಹತ್ತಿತು. ಅದನ್ನು ಇನ್ನೊಂದು ಗಿಡದ ಶಲಾಕಾಗ್ರದ ಒಂದೊಂದು ಎಳೆಗೂ ಸವರಿದೆ. ಬೇರೆ ಕುಂಚದಿಂದ ಅತ್ತಲಿನದನ್ನು ಇತ್ತ ತಂದೆ. ಹಳೆಯ ಗಿಡದ ಇನ್ನೊಂದು ಹೂವಿಗೆ ಅದರದೇ ಪರಾಗವನ್ನು ಹಚ್ಚಿ, ಗುರುತಿಗೆ ಬಿಳಿ ದಾರ ಕಟ್ಟಿದೆ. ಇದು ನಿಶಾಚರ ಪತಂಗಗಳ ಕೆಲಸ, ನಿಜ. ಆದರೆ ಅವು ಬರಲಿ ಎಂದು ಕಾದು ಕುಳಿತರೆ ಯಾವ ಪರಾಗ ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ.

ಬಿಳಿ ದಾರದ ಹೂ ಎಂದಿನಂತೆ ಉದುರಿತು. ಉಳಿದ ಎರಡರಲ್ಲಿ ದಳಗಳು ಬಾಡಿದರೂ ಕೊಳವೆಯ ಬುಡ ಹಸಿರಾಗಿಯೇ ಉಳಿದು, ನೋಡನೋಡುತ್ತಾ ಗುಂಡಗೆ ಊದಿಕೊಂಡಿತು. ಅದನ್ನು ಬೆರಳಿನಿಂದ ಮುಟ್ಟಿ ಗಟ್ಟಿಯಾಗಿದೆ ಎಂದು ತಿಳಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಕಾಯಿ ಮಾಗಿ ಪಕ್ಕಕ್ಕೆ ಸೀಳಿದಾಗ ಒಳಗೆ ಬಿಳಿ ತಿರುಳು, ಅದರ ತುಂಬ ಕಪ್ಪು ಬೀಜ.

ಕಳ್ಳಿಗಳೆಲ್ಲ ಹೀಗೆಯೇ ಎಂದುಕೊಳ್ಳಬಾರದು. ಫ್ರೈಲಿಯಾ ಎಂಬ ಪುಟ್ಟ ಕಳ್ಳಿ ಎಷ್ಟೋ ಸಲ ಮೊಗ್ಗನ್ನು ತೆರೆಯುವುದೇ ಇಲ್ಲ, ಮುಚ್ಚಿದ ಮೊಗ್ಗಿನೊಳಗೇ ಬೀಜ ಕಟ್ಟಿ ಮುಗಿಸುತ್ತದೆ. ಒಂಟಿಯಾಗಿ ಸಿಕ್ಕ ಗಿಡಕ್ಕೆ ಇದು ದೊಡ್ಡ ಅನುಕೂಲ. ಆದರೂ ನನ್ನ ಒಲವು ಎಕಿನಾಪ್ಸಿಸ್‌ನ ಹಟದ ಕಡೆಗೇ. ಇನ್ನೊಂದು ವಂಶ ಬೆರೆತಾಗಲೇ ಸಸಿಗಳಲ್ಲಿ ಹೊಸತನ ಹುಟ್ಟುವುದು.

ಬೀಜಗಳನ್ನು ತೊಳೆದು ಒಣಗಿಸಿ, ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿದೆ. ಕುಂಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಎರಡೂ ಗಿಡಗಳ ಹೆಸರಿನ ಚೀಟಿ ಚುಚ್ಚಿದೆ. ಈಗ ಸಸಿಗಳು ಹಂಚುವಷ್ಟಾಗಿವೆ. ಕೇಳಿದವರಿಗೆ ಒಂದೇ ಸಸಿ ಕೊಡುವುದಿಲ್ಲ, ಮೂರಾದರೂ ಕೊಡುತ್ತೇನೆ. ಒಡಹುಟ್ಟಿದವುಗಳಲ್ಲೂ ಕೆಲವು ಜೋಡಿ ಒಂದನ್ನೊಂದು ಒಪ್ಪುವುದಿಲ್ಲ. ಮೂರಿದ್ದರೆ ಕಾಯಿ ಕಟ್ಟುವ ಸಾಧ್ಯತೆ ಹೆಚ್ಚು.