ತೆರಿಗೆ ಏರಿದ ತಾರೀಕು ನೋಡಿ

2024ರ ಜೂನ್ 15, ಶನಿವಾರ. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ ಮೇಲಿನದ್ದನ್ನು ಶೇ 18.44ಕ್ಕೆ. ಬಂಕಿನಲ್ಲಿ ಲೀಟರಿಗೆ ಮೂರು ರೂಪಾಯಿಯಷ್ಟು ಜಾಸ್ತಿ ಆಯಿತು. ಲೋಕಸಭೆ ಫಲಿತಾಂಶ ಬಂದಿದ್ದು ಜೂನ್ 4ಕ್ಕೆ, ನಡುವೆ ಹನ್ನೊಂದೇ ದಿನ. ಫೆಬ್ರವರಿಯಲ್ಲಿ ಸಿದ್ದರಾಮಯ್ಯ ಅಷ್ಟುದ್ದದ ಬಜೆಟ್ ಓದಿದರಲ್ಲ, ಅದರಲ್ಲಿ ಈ ಮೂರು ರೂಪಾಯಿ ಸುದ್ದಿಯೇ ಇರಲಿಲ್ಲ.

ಇಷ್ಟು ಹೇಳಿದ್ದಕ್ಕೇ ನೀವು ಬಿಜೆಪಿನಾ ಅಂತ ಕೇಳೋರು ಸ್ವಲ್ಪ ತಾಳಿ. 2021ರ ನವೆಂಬರ್ 2ಕ್ಕೆ ಸಿಂದಗಿ, ಹಾನಗಲ್ ಉಪಚುನಾವಣೆ ಫಲಿತಾಂಶ ಬಂತು. ಬಿಜೆಪಿಗೆ ಹಾನಗಲ್ ಕೈತಪ್ಪಿತು, ಅದೂ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರ ಹಾವೇರಿ ಜಿಲ್ಲೆಯಲ್ಲೇ. ಮಾರನೇ ದಿನ, ದೀಪಾವಳಿ ಹಿಂದಿನ ಸಂಜೆ, ಕೇಂದ್ರ ಅಬಕಾರಿ ಸುಂಕ ಇಳಿಸಿತು. ಹಿಂದೆಯೇ ಬೊಮ್ಮಾಯಿ ಏಳು ರೂಪಾಯಿ ಇಳಿಸಿದರು. ಪೆಟ್ರೋಲ್ ತೆರಿಗೆ ಶೇ 35ರಿಂದ ಸೀದಾ 26ರ ಹತ್ತಿರಕ್ಕೆ! ಹಬ್ಬದ ಉಡುಗೊರೆ ಅಂದರು. ಇರಲಿ.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಕುಮಾರಸ್ವಾಮಿ ಕಾಲದ್ದು. 2018ರ ಜುಲೈ ಬಜೆಟ್‌ನಲ್ಲಿ ಸಾಲ ಮನ್ನಾ ಘೋಷಿಸಿದರು, ದುಡ್ಡು ಬೇಕಿತ್ತು, ಪೆಟ್ರೋಲ್ ತೆರಿಗೆಯನ್ನು ಶೇ 30ರಿಂದ 32ಕ್ಕೆ ಏರಿಸಿದರು. ಸೆಪ್ಟೆಂಬರ್‌ನಲ್ಲಿ ಕಚ್ಚಾ ತೈಲದ ಬೆಲೆ ಏರಿ ಜನ ಬೈಯತೊಡಗಿದಾಗ ಕಲಬುರಗಿಯಲ್ಲಿ ನಿಂತು ಎರಡು ರೂಪಾಯಿ ಇಳಿಸಿದರು. ಸರಿ, ಜನವರಿ ಹೊತ್ತಿಗೆ ಕಚ್ಚಾ ತೈಲ ಬಿದ್ದಿತ್ತು. ಸುಮ್ನೆ ಮತ್ತೆ ಶೇ 32! ಲೋಕಸಭೆ ಚುನಾವಣೆ ಹತ್ತಿರವೇ ಇದ್ದರೂ ಹೆಚ್ಚು ಗಲಾಟೆ ಆಗಲಿಲ್ಲ, ಯಾಕೆಂದರೆ ಬಂಕಿನ ಬೋರ್ಡಿನಲ್ಲಿ ರೇಟು ಆಗಲೇ ಹಿಂದಿನ ತಿಂಗಳುಗಳಿಗಿಂತ ಎಷ್ಟೋ ಕಮ್ಮಿ ಇತ್ತು. 2020ರ ಮೇನಲ್ಲಿ ಕೇಂದ್ರ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಹಾಕಿದ್ದೂ ಹೀಗೇ, ತೈಲ ನೆಲ ಕಚ್ಚಿದ್ದ ಹೊತ್ತು ನೋಡಿ.

ಎಲ್ಲರೂ ಪೆಟ್ರೋಲಿಗೇ ಯಾಕೆ ಕೈ ಹಾಕ್ತಾರೆ? ಬೇರೆ ಕಡೆ ಕೈ ಹಾಕೋಕೆ ಜಾಗವೇ ಕಮ್ಮಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ಏರಿಸಿ ಇಳಿಸಬಹುದಾದ ದೊಡ್ಡ ಬಾಬ್ತುಗಳು ಅಂದರೆ ಇಂಧನ, ಮದ್ಯ, ವಾಹನ ತೆರಿಗೆ, ಆಸ್ತಿ ನೋಂದಣಿ, ಅಷ್ಟೇ. ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರದ ಐದು ವರ್ಷದ ಗಡುವು 2022ರ ಜೂನ್‌ಗೆ ಮುಗಿಯಿತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ಕರ್ನಾಟಕದ ಪಾಲು, ಆ ಹಂಚಿಕೆ ಲೆಕ್ಕ ಹಾಕುವ ಹಣಕಾಸು ಆಯೋಗದ 15ನೇ ಸರದಿಯಲ್ಲಿ, ಶೇ 4.713ರಿಂದ 3.647ಕ್ಕೆ ಇಳಿಯಿತು. ಸೆಸ್, ಅಂದರೆ ತೆರಿಗೆ ಮೇಲಿನ ತೆರಿಗೆ, ಆ ಹೆಸರಲ್ಲಿ ಕೇಂದ್ರ ಎತ್ತಿದ್ದರಲ್ಲಂತೂ ರಾಜ್ಯಗಳಿಗೆ ಪಾಲೇ ಇಲ್ಲ. ಸಿದ್ದರಾಮಯ್ಯ ದೆಹಲಿಗೆ ಹೋಗಿ ‘ನನ್ನ ತೆರಿಗೆ ನನ್ನ ಹಕ್ಕು’ ಅಂತ ಕೂತಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿ ಮೇಲೆ ಬೇಕು ಅನ್ನೋದೂ ಸುಳ್ಳಲ್ಲ, ಅಲ್ವಾ?

ಮದ್ಯದ ಕಥೆ ಬೇರೆ. 2023ರಲ್ಲಿ ಸುಂಕ ಏರಿಸಿದರು, 2024ರ ಆಗಸ್ಟ್‌ನಲ್ಲಿ ದುಬಾರಿ ಬ್ರ್ಯಾಂಡುಗಳಿಗೆ ಮಾತ್ರ ಇಳಿಸಿದರು, ಪಕ್ಕದ ರಾಜ್ಯಗಳಲ್ಲಿ ಅಗ್ಗ ಅಂತ. ಕ್ವಾರ್ಟರ್ ಕುಡಿಯೋನು ಗೋವಾಕ್ಕೆ ಹೋಗಿ ತರೋದಿಲ್ಲ, ಅವನ ಲೆಕ್ಕ ಯಾರಿಗೂ ಬೇಕಿಲ್ಲ.

2025ರ ಏಪ್ರಿಲ್ 1ಕ್ಕೆ ಡೀಸೆಲ್ ಮತ್ತೆ ಎರಡು ರೂಪಾಯಿ ಏರಿತು. ಬಿಜೆಪಿ ಬೆಲೆ ಏರಿಕೆ ವಿರುದ್ಧ ಏಪ್ರಿಲ್ 7ಕ್ಕೆ ಮೈಸೂರಿನಿಂದ ‘ಜನಾಕ್ರೋಶ ಯಾತ್ರೆ’ ಹೊರಡಿಸಿತು. ಅದೇ ದಿನ ಕೇಂದ್ರ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಕಾಂಗ್ರೆಸ್‌ನವರಿಗೆ ಭಾಷಣ ಬರೆಯೋ ಕೆಲಸವೇ ತಪ್ಪಿತು.

ತೆರಿಗೆ ಏರಿಸಲೇಬಾರದು ಅಂತ ನಾನು ಹೇಳೋದಿಲ್ಲ. ಬಸ್ಸು, ಆಸ್ಪತ್ರೆ, ಶಾಲೆ ನಡೆಯೋದು ಅದರಿಂದಲೇ. ಬಜೆಟ್‌ನಲ್ಲಿ ಹೇಳಲಿ, ಸದನದಲ್ಲಿ ವಿರೋಧ ಪಕ್ಷ ಕೂಗಾಡಲಿ, ಉತ್ತರ ಕೊಟ್ಟು ಏರಿಸಲಿ. 2018ರಲ್ಲಿ ಕುಮಾರಸ್ವಾಮಿ, 2020ರಲ್ಲಿ ಯಡಿಯೂರಪ್ಪ ಬಜೆಟ್‌ನಲ್ಲೇ ಹೇಳಿದ್ದರು, ಅಷ್ಟು ಮಟ್ಟಿಗೆ ಅವರು ವಾಸಿ. ಈಗ ಎಲ್ಲದಕ್ಕೂ ಒಂದು ಆದೇಶ. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದ್ದೂ ಹಾಗೇ. 50 ಲಕ್ಷದ ಸೈಟಿಗೆ 50 ಸಾವಿರ ಜೋಡಿಸಿಟ್ಟುಕೊಂಡಿದ್ದವರು ಒಂದು ಲಕ್ಷ ಕಟ್ಟಬೇಕಾಯಿತು.